ಹಾರದ ಹಕ್ಕಿಯ ನೆರಳು: ಒಂದು ಹವ್ಯಾಸಿ ಫೋಟೋ ಸ್ಪರ್ಧೆಯ ಪ್ರಕರಣ

ನಮ್ಮ ಹವ್ಯಾಸಿ ಛಾಯಾಗ್ರಾಹಕರ ಗುಂಪು ನಡೆಸಿದ ಒಂದು ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದ ಫೋಟೋದಲ್ಲಿ ಒಂದು ಹಕ್ಕಿಯ ನೆರಳಿತ್ತು. ಆ ಹಕ್ಕಿ ಆ ಗೋಡೆಯ ಮುಂದೆ ಯಾವತ್ತೂ ಹಾರಿರಲಿಲ್ಲ. ಅದು ನಮಗೆ ಗೊತ್ತಾಗಿದ್ದು ಫಲಿತಾಂಶ ಹೇಳಿ ನಾಲ್ಕು ದಿನ ಆದಮೇಲೆ.

ಆ ಸ್ಪರ್ಧೆಯ ನಿಯಮಗಳನ್ನು ಬರೆದವನು ನಾನು. ಹಾಗಾಗಿ ಏನಾಯಿತು, ನಾವು ಏನು ತೀರ್ಮಾನ ಮಾಡಿದೆವು, ಆಮೇಲೆ ಏನೇನು ಬದಲಾಯಿಸಿದೆವು ಎಂಬುದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಸ್ಪರ್ಧೆ ನಡೆಸುವ ಬೇರೆ ಗುಂಪುಗಳಿಗೂ ಇದೇ ಜಾಗದಲ್ಲಿ ಕಾಲು ಜಾರಬಹುದು.

ನಡೆದದ್ದು

ವಿಷಯ 'ನೆರಳು'. ಒಳ್ಳೆಯ ವಿಷಯ ಅಂತ ನಮಗೆಲ್ಲ ಖುಷಿಯಾಗಿತ್ತು. ಅದರ ಹಿಂದಿನ ಸಲ 'ಪ್ರಕೃತಿ' ಅಂತ ಇಟ್ಟು ಸೋತಿದ್ದೆವು. ಹೂವು, ಬೆಟ್ಟ, ಜೇಡ, ಮಳೆ, ಸೂರ್ಯಾಸ್ತ ಎಲ್ಲ ಬಂದಿದ್ದವು. ಜೇಡದ ಕಣ್ಣನ್ನು ಬೆಟ್ಟದ ಮಂಜಿನ ಪಕ್ಕ ಇಟ್ಟು ಯಾವುದು ಮೇಲು ಅಂತ ಹೇಳುವುದು ಹೇಗೆ? ತೀರ್ಪುಗಾರರು ಒದ್ದಾಡಿಬಿಟ್ಟಿದ್ದರು. ಆದ್ದರಿಂದ ಈ ಸಲ ಕೈಗೆ ಸಿಗುವಂಥ, ಎಲ್ಲರ ಮನೆಯಲ್ಲೂ ಇರುವಂಥ ವಿಷಯ ಇಟ್ಟೆವು.

ವಿಷಯಕ್ಕೆ ಒಂದು ಇಡೀ ಸಂಜೆ ಕೊಟ್ಟವರು ನಿಯಮಗಳಿಗೆ ಕೊಟ್ಟದ್ದು ಹತ್ತು ನಿಮಿಷ. ಹಳೆಯ ಸ್ಪರ್ಧೆಯೊಂದರ ನಿಯಮಗಳನ್ನು ನಾನು ಹಾಗೇ ಎತ್ತಿ ಹಾಕಿದೆ. ಒಬ್ಬರಿಗೆ ಎರಡು ಫೋಟೋ. ಫೋಟೋ ಸ್ವಂತದ್ದಾಗಿರಬೇಕು. ವಿಷಯಕ್ಕೆ ಹೊಂದಿರಬೇಕು. ಅತಿಯಾದ ಎಡಿಟಿಂಗ್ ಸಲ್ಲದು. ಬಂದ ಫೋಟೋಗಳ ಹಕ್ಕು ಆಯೋಜಕರದ್ದು. ತೀರ್ಪುಗಾರರ ತೀರ್ಮಾನವೇ ಅಂತಿಮ.

ಮೊದಲ ಬಹುಮಾನದ ಫೋಟೋ ನಿಜಕ್ಕೂ ಚೆನ್ನಾಗಿತ್ತು. ಬಿಳಿ ಗೋಡೆಯ ಮೇಲೆ ಮೆಟ್ಟಿಲ ಕಂಬಿಯ ನೆರಳು ಓರೆಯಾಗಿ ಬಿದ್ದಿದೆ. ಆ ಗೆರೆಗಳ ನಡುವಿನ ಖಾಲಿ ಜಾಗದಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿಯ ನೆರಳು. ಪಂಜರದಿಂದ ಆಗತಾನೇ ಹೊರಬಂದ ಹಾಗೆ ಕಾಣುತ್ತಿತ್ತು. ಎರಡನೇ ಬಹುಮಾನದ ಫೋಟೋದಲ್ಲಿ ಒಬ್ಬ ಮುದುಕರು ಬೆಂಚಿನ ಮೇಲೆ ಕೂತಿದ್ದಾರೆ, ಹಿಂದಿನ ಗೋಡೆಯಲ್ಲಿ ಅವರ ನೆರಳು, ಅದರ ಭುಜಕ್ಕೆ ಸರಿಯಾಗಿ ದಾರಿಹೋಕರೊಬ್ಬರ ಕೈಯ ನೆರಳು ತಾಗಿದೆ. ಇದನ್ನು ತೆಗೆದವರು ಅದೇ ಜಾಗಕ್ಕೆ ಮೂರು ಸಂಜೆ ಹೋಗಿದ್ದರಂತೆ. ಬಿಸಿಲು ಆ ಕೋನದಲ್ಲಿ ಇರುತ್ತಿದ್ದದ್ದು ಇಪ್ಪತ್ತು ನಿಮಿಷ ಮಾತ್ರ.

ಪ್ರಶ್ನೆ ಎತ್ತಿದ್ದು ಬಹುಮಾನ ಬಾರದ ಇನ್ನೊಬ್ಬ ಸ್ಪರ್ಧಿ. ಅವರ ಪತ್ರದಲ್ಲಿ ಸಿಟ್ಟಿರಲಿಲ್ಲ, ಒಂದು ಲೆಕ್ಕವಿತ್ತು. ಆಕಾಶದಲ್ಲಿ ಸೂರ್ಯ ಒಂದು ಚುಕ್ಕೆಯಲ್ಲ, ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಅದಕ್ಕೇ ಬಿಸಿಲಿನ ನೆರಳಿಗೆ ಯಾವಾಗಲೂ ಒಂದು ಮಸುಕಾದ ಅಂಚು ಇರುತ್ತದೆ. ವಸ್ತು ಗೋಡೆಯಿಂದ ಒಂದು ಮೀಟರ್ ದೂರ ಇದ್ದರೆ ಅಂಚಿನ ಮಸುಕು ಸುಮಾರು 9 ಮಿಲಿಮೀಟರ್. ಐದು ಮೀಟರ್ ದೂರ ಇದ್ದರೆ ನಾಲ್ಕೂವರೆ ಸೆಂಟಿಮೀಟರ್. ಗೋಡೆಯ ಹತ್ತಿರದ ಕಂಬಿಯ ನೆರಳು ಚೂಪಾಗಿ, ದೂರ ಹಾರುವ ಹಕ್ಕಿಯ ನೆರಳು ಮಸುಕಾಗಿ ಇರಬೇಕಿತ್ತು. ಫೋಟೋದಲ್ಲಿ ಇದ್ದದ್ದು ತಿರುಗಾಮುರುಗಾ. ಕಂಬಿಯ ಅಂಚು ಮೆತ್ತಗಿತ್ತು. ಹಕ್ಕಿಯ ರೆಕ್ಕೆಯ ತುದಿಯ ಗರಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

ಆ ಪತ್ರ ಓದಿ ನಾನು ಎದ್ದು ಹೋಗಿ ಬಿಸಿಲಲ್ಲಿ ಕೈ ಹಿಡಿದು ನೋಡಿದೆ. ಗೋಡೆಗೆ ಹತ್ತಿರ, ಆಮೇಲೆ ದೂರ. ಅವರು ಹೇಳಿದ್ದು ಸರಿ.

ಆದರೂ ಇಷ್ಟರಿಂದಲೇ ತಪ್ಪು ಅಂತ ಹೇಳುವಂತಿರಲಿಲ್ಲ. ಹಕ್ಕಿ ಗೋಡೆಗೆ ತೀರ ಹತ್ತಿರ ಹಾರಿದ್ದರೆ ನೆರಳು ಚೂಪಾಗಿಯೇ ಇರುತ್ತದೆ ಅಲ್ವಾ? ಮೂಲ ಫೈಲ್ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಆದರೆ ಮೂಲ ಫೈಲ್ ಕೇಳುತ್ತೇವೆ ಅಂತ ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. ಕೇಳುವ ಹಕ್ಕು ನಮಗಿಲ್ಲ ಅಂತ ಗೊತ್ತಿದ್ದೇ ಫೋನ್ ಮಾಡಿದೆ. "ಮೇಡಂ, ನಿಮ್ಮ ಫೋಟೋದ ಮೂಲ ಫೈಲ್ ಕಳಿಸೋಕೆ ಆಗುತ್ತಾ?" ಅಂದೆ. "ಯಾವುದು ಬೇಕು ಸರ್? ಎರಡಿದೆಯಲ್ಲ, ಗೋಡೆಯದಾ, ಹಕ್ಕಿಯದಾ?" ಅಂತ ಸಹಜವಾಗಿ ಕೇಳಿದರು.

ಅವರು ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಹಕ್ಕಿಯ ನೆರಳು ಇನ್ನೊಂದು ದಿನದ್ದು, ಹಕ್ಕಿ ನೆಲಕ್ಕೆ ಇಳಿಯುವ ಕ್ಷಣದ್ದು. ಎರಡೂ ಅವರೇ ತೆಗೆದ ಫೋಟೋ. "ಸ್ವಂತದ್ದಾಗಿರಬೇಕು ಅಂದಿದ್ದಿರಿ, ಸ್ವಂತದ್ದೇ. ಒಂದು ನೆರಳು ಸೇರಿಸಿದ್ದು ಅತಿ ಅಂತ ನನಗೆ ಅನ್ನಿಸಲಿಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತೀರ್ಮಾನಕ್ಕೆ ಬಂದ ದಾರಿ

ಸಮಿತಿಯಲ್ಲಿ ಇದ್ದವರು ಐದು ಜನ. ಇಬ್ಬರು ಬಹುಮಾನ ವಾಪಸ್ ಪಡೆಯಬೇಕು ಅಂದರು. ಒಬ್ಬರು 'ತೀರ್ಪುಗಾರರ ತೀರ್ಮಾನವೇ ಅಂತಿಮ' ಎಂಬ ಸಾಲು ತೋರಿಸಿ ಇಲ್ಲಿಗೇ ಬಿಡೋಣ ಅಂದರು. ಆ ಸಾಲಿನ ಹಿಂದೆ ಅಡಗಿಕೊಳ್ಳುವುದು ನನಗೆ ಬೇಡವಾಗಿತ್ತು. ಯಾವ ಫೋಟೋ ಚೆನ್ನಾಗಿದೆ ಎನ್ನುವುದರಲ್ಲಿ ತೀರ್ಪುಗಾರರ ಮಾತು ಅಂತಿಮ, ಸರಿ. ಯಾವ ಫೋಟೋ ನಿಯಮಕ್ಕೆ ಒಳಪಟ್ಟಿದೆ ಎನ್ನುವುದು ಆಯೋಜಕರ ಕೆಲಸ. ಎರಡೂ ಬೇರೆ ಬೇರೆ.

ದೊಡ್ಡ ಸ್ಪರ್ಧೆಗಳು ಇಂಥದ್ದನ್ನು ಹೇಗೆ ನಿಭಾಯಿಸಿವೆ ಅಂತ ನೋಡಿದೆವು. 2009ರ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ ಗೇಟಿನ ಮೇಲಿಂದ ಜಿಗಿಯುವ ತೋಳದ ಫೋಟೋ ಗೆದ್ದಿತ್ತು. ಅದು ಕಾಡಿನ ತೋಳವಲ್ಲ, ಪಳಗಿಸಿದ ತೋಳ ಇರಬಹುದು ಎಂಬ ತೀರ್ಮಾನಕ್ಕೆ ತೀರ್ಪುಗಾರರು ಬಂದರು. 2010ರ ಜನವರಿಯಲ್ಲಿ ಪ್ರಶಸ್ತಿ ವಾಪಸ್ ಆಯಿತು. ಛಾಯಾಗ್ರಾಹಕರು ಆರೋಪ ಒಪ್ಪಲಿಲ್ಲ. ಇಲ್ಲಿ ಎಡಿಟಿಂಗ್ ಮಾತೇ ಬರಲಿಲ್ಲ ಎನ್ನುವುದನ್ನು ಗಮನಿಸಿ. ಪಳಗಿಸಿದ ಪ್ರಾಣಿಯನ್ನು ಮಾಡೆಲ್ ಆಗಿ ಬಳಸಬಾರದು ಎಂಬ ನಿಯಮ ಮೊದಲೇ ಇತ್ತು, ಆದ್ದರಿಂದ ತೀರ್ಮಾನ ಗಟ್ಟಿಯಾಗಿ ನಿಂತಿತು.

2012ರಲ್ಲಿ ಬ್ರಿಟನ್ನಿನ ಲ್ಯಾಂಡ್‌ಸ್ಕೇಪ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯ ವಿಜೇತರನ್ನೂ ಅನರ್ಹ ಮಾಡಿದರು. ದಡದ ಮೇಲಿನ ಹಳೆಯ ದೋಣಿಗಳ ಫೋಟೋಗೆ ಅವರು ಮೋಡ ಸೇರಿಸಿದ್ದರು. ನಿಯಮ ಓದಿರಲಿಲ್ಲ ಅಂತ ಅವರೇ ಒಪ್ಪಿಕೊಂಡರು. ಅಲ್ಲಿಯೂ ನಿಯಮ ಇತ್ತು.

ನಮ್ಮಲ್ಲಿ ಇರಲಿಲ್ಲ. 'ಅತಿಯಾದ' ಎಂಬ ಒಂದು ಪದವಿತ್ತು, ಅಷ್ಟೇ. ಅತಿ ಅಂದರೆ ಎಷ್ಟು ಅಂತ ಸಮಿತಿಯ ಐವರನ್ನು ಕೇಳಿದಾಗ ಐದು ಉತ್ತರ ಬಂತು. ಒಬ್ಬರಿಗೆ ಬಣ್ಣ ಜಾಸ್ತಿ ಮಾಡಿದರೂ ಅತಿ. ಇನ್ನೊಬ್ಬರಿಗೆ ಆಕಾಶ ಬದಲಾಯಿಸಿದರೂ ಪರವಾಗಿಲ್ಲ. ನಿಯಮ ಮಾಡಿದವರಿಗೇ ಗೊತ್ತಿಲ್ಲದ ಗೆರೆಯನ್ನು ದಾಟಿದಳು ಅಂತ ಒಬ್ಬ ಸ್ಪರ್ಧಿಯನ್ನು ಹೊರಗೆ ಹಾಕುವುದು ಅನ್ಯಾಯ.

ಹಾಗಾಗಿ ಬಹುಮಾನ ಹಾಗೇ ಉಳಿಯಿತು. ಅವರ ಒಪ್ಪಿಗೆ ಪಡೆದು, ಪ್ರದರ್ಶನದಲ್ಲಿ ಫೋಟೋದ ಕೆಳಗೆ 'ಎರಡು ಫೋಟೋ ಸೇರಿಸಿ ಮಾಡಿದ ಚಿತ್ರ' ಅಂತ ಬರೆದೆವು. ಪತ್ರ ಬರೆದವರಿಗೆ ಅವರ ಲೆಕ್ಕ ಸರಿ ಎಂದೂ, ನಮ್ಮ ನಿಯಮ ತಪ್ಪು ಎಂದೂ ಉತ್ತರ ಬರೆದೆವು. ಎರಡನೇ ಬಹುಮಾನದವರ ಬಳಿ ನಾನೇ ಹೋಗಿ ಕ್ಷಮೆ ಕೇಳಿದೆ. "ಗೊತ್ತಿದ್ದಿದ್ರೆ ಮೂರು ಸಂಜೆ ಕಾಯ್ತಿರ್ಲಿಲ್ಲ ಸರ್" ಅಂದರು ಅವರು. ಈ ತೀರ್ಮಾನ ಸರಿ ಅಂತ ಈಗಲೂ ನಂಬುತ್ತೇನೆ. ಆದರೆ ಅದರ ಭಾರ ಬಿದ್ದದ್ದು ಏನೂ ತಪ್ಪು ಮಾಡದ ಅವರ ಮೇಲೆ, ಅದನ್ನು ನಾನು ಮರೆತಿಲ್ಲ.

ತಪ್ಪು ಇದ್ದದ್ದು ಎಲ್ಲಿ

ಮೊದಲು ಇದು ಎಡಿಟಿಂಗ್ ನಿಯಮದ ಸಮಸ್ಯೆ ಅಂತಲೇ ಅಂದುಕೊಂಡೆ. ಒಂದು ವಾರ ಯೋಚಿಸಿದ ಮೇಲೆ ಬೇರೆಯದೇ ಕಾಣಿಸಿತು. ನಾವು ವಿಷಯವನ್ನು ಒಂದು ದಿನ ಆರಿಸಿದ್ದೆವು, ನಿಯಮವನ್ನು ಇನ್ನೊಂದು ದಿನ ಅಂಟಿಸಿದ್ದೆವು. ಎರಡಕ್ಕೂ ಸಂಬಂಧವೇ ಇರಲಿಲ್ಲ.

ವಿಷಯ ಅಂದರೆ ನೋಡುವವರಿಗೆ ಕೊಡುವ ಒಂದು ಮಾತು. 'ಕಾಡುಪ್ರಾಣಿ' ಅಂದರೆ ಈ ಪ್ರಾಣಿ ತನ್ನ ಇಷ್ಟದಂತೆ ಅಲ್ಲಿತ್ತು ಎಂಬ ಮಾತು. ತೋಳದ ಫೋಟೋ ಆ ಮಾತಿನ ವಿಷಯದಲ್ಲಿ ಪ್ರಶ್ನೆಗೆ ಸಿಕ್ಕಿತು. 'ಕನಸು' ಎಂಬ ವಿಷಯ ಇಟ್ಟಿದ್ದರೆ ಹಕ್ಕಿಯನ್ನು ಎಲ್ಲಿಂದ ತಂದರೂ ಯಾರೂ ಕೇಳುತ್ತಿರಲಿಲ್ಲ. ಕನಸು ಕಟ್ಟುವುದೇ ಅಲ್ಲಿನ ಕೆಲಸ. 'ನೆರಳು' ಹಾಗಲ್ಲ. ನೆರಳಿನ ಫೋಟೋ ನೋಡಿದಾಗ ಖುಷಿಯಾಗುವುದೇ ಬೆಳಕು, ವಸ್ತು, ಗೋಡೆ ಮೂರೂ ಒಂದು ಕ್ಷಣಕ್ಕೆ ಕೂಡಿ ಬಂದವಲ್ಲ ಅಂತ. ಆ ಕೂಡುವಿಕೆಯನ್ನು ಕಂಪ್ಯೂಟರಿನಲ್ಲಿ ಮಾಡಿದರೆ ನೋಡುಗನಿಗೆ ಕೊಟ್ಟ ಮಾತು ತಪ್ಪುತ್ತದೆ.

ಇದು ಹೊಳೆದ ಮೇಲೆ ನಮ್ಮ ಕೆಲಸದ ಕ್ರಮ ಬದಲಾಯಿತು. ಈಗ ವಿಷಯ ಗೊತ್ತಾದ ಕೂಡಲೇ ಅದರ ಕೆಳಗೆ ಒಂದೇ ವಾಕ್ಯ ಬರೆಯುತ್ತೇವೆ: ಈ ಫೋಟೋ ನೋಡುವವರು ಏನನ್ನು ನಿಜ ಅಂತ ನಂಬುತ್ತಾರೆ? ಆ ವಾಕ್ಯದಿಂದಲೇ ಎಡಿಟಿಂಗ್ ನಿಯಮ ಹುಟ್ಟುತ್ತದೆ. 'ನೆರಳು' ವಿಷಯಕ್ಕೆ ಆ ವಾಕ್ಯ ಹೀಗಿರಬೇಕಿತ್ತು: ಕ್ಲಿಕ್ ಮಾಡಿದ ಕ್ಷಣದಲ್ಲಿ ಈ ನೆರಳು ಅಲ್ಲಿತ್ತು.

ಹೊಸ ನಿಯಮಗಳು

ಅತಿ, ಮಿತ, ಸಹಜ, ಸ್ವಲ್ಪ ಎಂಬ ಪದಗಳನ್ನೆಲ್ಲ ತೆಗೆದು ಹಾಕಿದೆವು. ಅವುಗಳ ಜಾಗದಲ್ಲಿ ಕ್ರಿಯೆಗಳ ಹೆಸರು ಬಂತು. ಕ್ರಾಪ್ ಮಾಡಬಹುದು. ಓರೆಯಾಗಿದ್ದರೆ ನೇರ ಮಾಡಬಹುದು. ಬೆಳಕು, ಕಾಂಟ್ರಾಸ್ಟ್, ಬಣ್ಣ ಸರಿಪಡಿಸಬಹುದು. ಕಪ್ಪು ಬಿಳುಪು ಮಾಡಬಹುದು. ಸೆನ್ಸರ್ ಮೇಲಿನ ಧೂಳಿನ ಕಲೆ ತೆಗೆಯಬಹುದು. ಫ್ರೇಮಿನಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ, ಇದ್ದದ್ದನ್ನು ಅಳಿಸುವಂತಿಲ್ಲ, ಜಾಗ ಬದಲಾಯಿಸುವಂತಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಫೋಟೋ ಕಳಿಸಲು ಕೂತವರು ಯಾರನ್ನೂ ಕೇಳದೆ 'ನಾನು ಇದನ್ನು ಮಾಡಿದ್ದೇನಾ, ಇಲ್ಲವಾ' ಅಂತ ತಾವೇ ಉತ್ತರ ಹೇಳಿಕೊಳ್ಳುವಂತೆ ಬರೆದೆವು.

ಉದಾಹರಣೆ ಕೊಡಬೇಕು ಎನ್ನುವುದನ್ನು ವರ್ಲ್ಡ್ ಪ್ರೆಸ್ ಫೋಟೋ ಎಂಬ ಅಂತಾರಾಷ್ಟ್ರೀಯ ಪತ್ರಿಕಾ ಫೋಟೋ ಸ್ಪರ್ಧೆಯಿಂದ ಕಲಿತೆವು. 2015ರಲ್ಲಿ ಅಲ್ಲಿ ಕೊನೆಯ ಹಂತದ ಹತ್ತಿರ ಬಂದಿದ್ದ ಫೋಟೋಗಳಲ್ಲಿ ಸುಮಾರು ಐದರಲ್ಲಿ ಒಂದು ಭಾಗ ಎಡಿಟಿಂಗ್ ಕಾರಣಕ್ಕೆ ಹೊರಬಿತ್ತು. ಅವರೆಲ್ಲ ವೃತ್ತಿಯಲ್ಲಿ ಇರುವ ಪತ್ರಿಕಾ ಛಾಯಾಗ್ರಾಹಕರು. ಮುಂದಿನ ಸ್ಪರ್ಧೆಗೆ ಮುಂಚೆ ಆ ಸಂಸ್ಥೆ ಉದಾಹರಣೆ ಸಮೇತ ನಿಯಮ ವಿವರಿಸಿತು. ವೃತ್ತಿಯವರಿಗೇ ಬೇಕಾದರೆ ಹವ್ಯಾಸಿಗಳಿಗೆ ಬೇಡವೇ? ನಾವೂ ಒಂದೇ ಫೋಟೋದ ಎರಡು ರೂಪ ಪಕ್ಕಪಕ್ಕ ಹಾಕಿದೆವು: ಹೀಗೆ ಮಾಡಿದರೆ ಸರಿ, ಹೀಗೆ ಮಾಡಿದರೆ ಇಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಮೊಬೈಲ್ ಫೋನಿನ ಪ್ರಶ್ನೆ. ಈಗಿನ ಫೋನು ಒಂದು ಕ್ಲಿಕ್ಕಿಗೆ ಹಲವು ಫ್ರೇಮ್ ತೆಗೆದು ತಾನೇ ಒಂದು ಮಾಡುತ್ತದೆ. ನೈಟ್ ಮೋಡ್, ಎಚ್‌ಡಿಆರ್ (ತುಂಬ ಬೆಳಕು, ತುಂಬ ಕತ್ತಲು ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸುವ ವಿಧಾನ) ಎರಡೂ ಹೀಗೇ ಕೆಲಸ ಮಾಡುತ್ತವೆ. 'ಒಂದೇ ಫ್ರೇಮ್ ಇರಬೇಕು' ಅಂತ ಬರೆದಿದ್ದರೆ ಫೋನಿನವರೆಲ್ಲ ತಿಳಿಯದೇ ನಿಯಮ ಮುರಿದಂತಾಗುತ್ತಿತ್ತು. ಕೊನೆಗೆ, ಕ್ಲಿಕ್ ಮಾಡುವ ಹೊತ್ತಿನಲ್ಲಿ ಕ್ಯಾಮೆರಾ ತಾನಾಗಿ ಮಾಡುವುದು ಸರಿ, ಆಮೇಲೆ ನೀವು ಬೆರಳಿಟ್ಟು ಅಳಿಸುವುದು ಸರಿಯಲ್ಲ ಎಂದು ಗೆರೆ ಎಳೆದೆವು. ಫೋನಿನ ಅಳಿಸುವ ಸೌಲಭ್ಯ ಬಳಸಿ ಹಿಂದಿನ ಜನರನ್ನು ಮಾಯ ಮಾಡಿದರೂ ಅದು ಅಳಿಸಿದ್ದೇ. ಆಕಾಶ ಬದಲಾಯಿಸುವುದೂ ಹಾಗೇ. ನಾಯ್ಸ್ (ಕಡಿಮೆ ಬೆಳಕಿನ ಫೋಟೋದಲ್ಲಿ ಕಾಣುವ ಕಾಳುಕಾಳು) ಕಡಿಮೆ ಮಾಡುವ ಎಐ ಸಾಫ್ಟ್‌ವೇರ್‌ಗೆ ಒಪ್ಪಿಗೆ ಕೊಟ್ಟೆವು. ಇದರ ಬಗ್ಗೆ ಸಮಿತಿಯಲ್ಲಿ ಈಗಲೂ ಎರಡು ಅಭಿಪ್ರಾಯ ಇದೆ.

ಎಐ ಹುಟ್ಟಿಸಿದ ಚಿತ್ರಕ್ಕೆ ಬೇರೆಯದೇ ಒಂದು ಸಾಲು ಬೇಕಾಯಿತು. 2023ರ ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನ ಒಂದು ವಿಭಾಗದಲ್ಲಿ ಬೋರಿಸ್ ಎಲ್ಡಾಗ್‌ಸನ್ ಅವರ ಎಐ ಚಿತ್ರ ಗೆದ್ದಿತು, ಅವರೇ ಪ್ರಶಸ್ತಿ ಬೇಡ ಅಂದರು. ಮುಂದಿನ ವರ್ಷ ಇದರ ವಿರುದ್ಧ ದಿಕ್ಕಿನಲ್ಲಿ ಇನ್ನೊಂದು ನಡೆಯಿತು. ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ ಫ್ಲೆಮಿಂಗೋ ಹಕ್ಕಿಯ ನಿಜವಾದ ಫೋಟೋವನ್ನು ಇನ್ನೊಂದು ಸ್ಪರ್ಧೆಯ ಎಐ ವಿಭಾಗಕ್ಕೆ ಕಳಿಸಿ ಬಹುಮಾನ ಗೆದ್ದರು. ಆಮೇಲೆ ಅವರನ್ನು ಅನರ್ಹ ಮಾಡಲಾಯಿತು. ಅನುಭವ ಇರುವ ಕಣ್ಣಿಗೂ ವ್ಯತ್ಯಾಸ ಸಿಗದೇ ಹೋಗಬಹುದು ಅಂತ ಇಂಥವುಗಳಿಂದ ಅನ್ನಿಸುತ್ತದೆ. ಆದ್ದರಿಂದ ನೋಡಿ ಕಂಡುಹಿಡಿಯುತ್ತೇವೆ ಎನ್ನುವ ಧೈರ್ಯ ಬೇಡ. ಕೊನೆಯ ಸುತ್ತಿಗೆ ಬಂದ ಎಲ್ಲರಿಂದಲೂ ಕ್ಯಾಮೆರಾದಿಂದ ನೇರವಾಗಿ ಬಂದ ಫೈಲ್ ಪಡೆಯುತ್ತೇವೆ ಅಂತ ಮೊದಲೇ ಬರೆದೆವು. ಎಲ್ಲರಿಂದಲೂ ಎನ್ನುವುದು ಮುಖ್ಯ. ಒಬ್ಬರನ್ನು ಮಾತ್ರ ಕೇಳಿದರೆ ಅದು ಆರೋಪ ಆಗುತ್ತದೆ.

ಇದರಲ್ಲೊಂದು ಸಣ್ಣ ಕಿರಿಕಿರಿ ಇದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಎಕ್ಸಿಫ್ ಮಾಹಿತಿಯೂ (ತಾರೀಖು, ಕ್ಯಾಮೆರಾ ಮುಂತಾಗಿ ಫೈಲಿನೊಳಗೆ ದಾಖಲಾಗುವ ವಿವರ) ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಬೇಕು. ಎಕ್ಸಿಫ್‌ನ ತಾರೀಖನ್ನೇ ಪೂರ್ತಿ ನಂಬುವುದೂ ಬೇಡ, ಕ್ಯಾಮೆರಾದ ಗಡಿಯಾರ ಸರಿ ಮಾಡದವರು ಬಹಳ ಜನ.

ಅಳತೆಯ ನಿಯಮದಲ್ಲಿ ಹಿಂದೆ 'ಕನಿಷ್ಠ 20 ಮೆಗಾಪಿಕ್ಸೆಲ್' ಅಂತ ಇಡುವ ಯೋಚನೆ ಇತ್ತು. ಲೆಕ್ಕ ಹಾಕಿದರೆ ಬೇಕಿರಲಿಲ್ಲ. 300 ಡಿಪಿಐನಲ್ಲಿ (ಒಂದು ಇಂಚಿಗೆ 300 ಚುಕ್ಕೆ) ಎ4 ಪ್ರಿಂಟಿಗೆ 3508×2480 ಪಿಕ್ಸೆಲ್ ಸಾಕು. 12 ಮೆಗಾಪಿಕ್ಸೆಲ್ ಫೋನಿನ ಫೋಟೋ 4000×3000 ಇರುತ್ತದೆ. ಅದನ್ನೇ ಎ3ಗೆ ಹಿಗ್ಗಿಸಿದರೂ ಸುಮಾರು 240 ಡಿಪಿಐ ಸಿಗುತ್ತದೆ, ಗೋಡೆಗೆ ತೂಗುಹಾಕಿದ ಚಿತ್ರಕ್ಕೆ ಧಾರಾಳವಾಯಿತು. ಸುಮ್ನೆ ಒಂದು ಸಂಖ್ಯೆ ಬರೆದು ಒಳ್ಳೆಯ ಕ್ಯಾಮೆರಾ ಇಲ್ಲದವರನ್ನು ಬಾಗಿಲಲ್ಲೇ ನಿಲ್ಲಿಸುವುದು ಯಾಕೆ?

ಹಕ್ಕಿನ ಸಾಲನ್ನು ತಲೆಕೆಳಗು ಮಾಡಿದೆವು. ಫೋಟೋ ತೆಗೆದವರದ್ದೇ ಹಕ್ಕು. ಈ ಸ್ಪರ್ಧೆಯ ಪ್ರದರ್ಶನಕ್ಕೆ, ಇದರ ಸುದ್ದಿಗೆ ಮಾತ್ರ, ಅವರ ಹೆಸರು ಹಾಕಿ, ಒಂದು ವರ್ಷ ಬಳಸುತ್ತೇವೆ. ಹಳೆಯ ಸಾಲನ್ನು ನಾನು ಓದದೇ ನಕಲು ಮಾಡಿದ್ದೆ. ಹವ್ಯಾಸಿಯ ವರ್ಷದ ಒಳ್ಳೆಯ ಫೋಟೋವನ್ನು ಪ್ರವೇಶಕ್ಕೆ ಬದಲಾಗಿ ಕಿತ್ತುಕೊಳ್ಳುವ ಸಾಲು ಅದು.

ಅಂಕಗಳ ಒಳಗೆ ಸಿಕ್ಕಿದ್ದು

ಹಳೆಯ ಅಂಕಪಟ್ಟಿ ತೆಗೆದು ನೋಡಿದಾಗ ಇನ್ನೊಂದು ತಪ್ಪು ಕಂಡಿತು. ಹತ್ತಕ್ಕೆ ಅಂಕ. ಮೊದಲ ಬಹುಮಾನದ ಫೋಟೋಗೆ 8, 7, 10, ಒಟ್ಟು 25. ಎರಡನೆಯದಕ್ಕೆ 8, 8, 6, ಒಟ್ಟು 22. ಮೊದಲ ಇಬ್ಬರು ತೀರ್ಪುಗಾರರ ಅಂಕ ಮಾತ್ರ ತೆಗೆದುಕೊಂಡರೆ ಎರಡನೆಯದೇ ಒಂದು ಅಂಕ ಮುಂದಿತ್ತು. ಆ ಇಬ್ಬರು ಎಲ್ಲ ಫೋಟೋಗಳಿಗೂ 6ರಿಂದ 8ರ ಒಳಗೇ ಕೊಟ್ಟಿದ್ದರು. ಮೂರನೆಯವರು 2ರಿಂದ 10ರವರೆಗೆ ಹರಡಿದ್ದರು. ಕೂಡಿಸಿದಾಗ ಹರಡಿ ಕೊಟ್ಟವರ ಮಾತೇ ನಡೆಯುತ್ತದೆ. ಯಾರೂ ಮೋಸ ಮಾಡಿರಲಿಲ್ಲ, ಲೆಕ್ಕದ ಸ್ವಭಾವವೇ ಹಾಗೆ. ಈಗ ಮೊದಲ ಸುತ್ತಿನಲ್ಲಿ ಬೇಕು, ಬೇಡ ಎರಡೇ. ಉಳಿದ ಹತ್ತನ್ನು ಪ್ರತಿಯೊಬ್ಬರೂ ಒಂದರಿಂದ ಹತ್ತರವರೆಗೆ ಸಾಲಾಗಿ ಜೋಡಿಸಿ ಕೊಡುತ್ತಾರೆ. ಸಮ ಬಂದರೆ ಕೂತು ಮಾತಾಡುತ್ತಾರೆ.

'ವಿಷಯಕ್ಕೆ ಹೊಂದಿಕೆ' ಎಂದು ಬೇರೆ ಅಂಕ ಕೊಡುವುದನ್ನೂ ಬಿಟ್ಟೆವು. ವಿಷಯ ಬಾಗಿಲು ಇದ್ದ ಹಾಗೆ. ಒಳಗೆ ಬಂದರು ಅಥವಾ ಬರಲಿಲ್ಲ, ಅದಕ್ಕೆ ಹತ್ತಕ್ಕೆ ಏಳು ಅಂತ ಇರುವುದಿಲ್ಲ. ಅಂಕ ಇಟ್ಟರೆ ವಿಷಯವನ್ನು ಕೂಗಿ ಹೇಳುವ ಫೋಟೋಗೆ ಲಾಭ, ಮೆಲ್ಲಗೆ ಹೇಳುವುದಕ್ಕೆ ನಷ್ಟ.

ಮುಂದಿನ ವಿಷಯ

ಮುಂದಿನ ಸಲ ವಿಷಯ ಆರಿಸುವಾಗ ಒಂದು ಸಣ್ಣ ಪರೀಕ್ಷೆ ಇಟ್ಟುಕೊಂಡೆವು. ಸೂಚಿಸಿದ ಪದ ಕೇಳಿದ ಕೂಡಲೇ ಮನಸ್ಸಿಗೆ ಬಂದ ಮೂರು ಫೋಟೋಗಳನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಬೇಕು. 'ಸಂತೋಷ' ಅಂದಾಗ ಐದೂ ಚೀಟಿಯಲ್ಲಿ ನಗುವ ಮಗು ಬಂತು. ಅದನ್ನು ಬಿಟ್ಟೆವು. 'ಕಾಲ' ಅಂದಾಗ ಹದಿನೈದು ಬೇರೆ ಬೇರೆ ಚಿತ್ರ ಬಂತು, ಆದರೆ ಯಾವುದು ಹೊರಗೆ ಅಂತ ಹೇಳಲು ಯಾರಿಗೂ ಆಗಲಿಲ್ಲ. ಅದೂ ಹೋಯಿತು. 'ಗೂಡು' ಎಂಬ ಚಂದದ ಸೂಚನೆಯನ್ನು ಬೇರೆ ಕಾರಣಕ್ಕೆ ಕೈಬಿಟ್ಟೆವು. ಬಹುಮಾನದ ಆಸೆಗೆ ಜನ ಗೂಡಿನ ಹತ್ತಿರ ಹೋದರೆ ತಾಯಿ ಹಕ್ಕಿ ಗೂಡು ಬಿಟ್ಟು ಹೋಗಬಹುದು. ವಿಷಯ ಆರಿಸುವವರು ಜನರನ್ನು ಎಲ್ಲಿಗೆ ಕಳಿಸುತ್ತಿದ್ದೇವೆ ಅಂತಲೂ ಯೋಚಿಸಬೇಕು.

ಕೊನೆಗೆ ಉಳಿದದ್ದು 'ಕಾಯುವುದು'. ಮನೆ ಬಿಟ್ಟು ಹೋಗಲಾಗದವರೂ ತೆಗೆಯಬಹುದು, ಫೋನಿನಲ್ಲೂ ತೆಗೆಯಬಹುದು, ಹಳೆಯ ಹಾರ್ಡ್ ಡಿಸ್ಕಿನಲ್ಲಿ ಸಿದ್ಧವಾಗಿ ಸಿಗುವುದು ಕಡಿಮೆ. ಅದರ ಕೆಳಗಿನ ವಾಕ್ಯ: ಫ್ರೇಮಿನಲ್ಲಿರುವವರು ನಿಜವಾಗಿ ಕಾಯುತ್ತಿದ್ದರು. ಇದರಿಂದ ತಾನಾಗಿ ಎರಡು ನಿಯಮ ಬಂದವು. ಜನರನ್ನು ಕೂರಿಸಿ ನಟನೆ ಮಾಡಿಸುವಂತಿಲ್ಲ. ಗುರುತು ಸಿಗುವಂತೆ ಮುಖ ಕಂಡರೆ ಅವರ ಒಪ್ಪಿಗೆ, ಮಕ್ಕಳಾದರೆ ಹೆತ್ತವರ ಒಪ್ಪಿಗೆ ಇರಬೇಕು. ಹಕ್ಕಿಯ ನೆರಳು ಸೇರಿಸಿದಂಥ ಕೆಲಸಕ್ಕೆ 'ಕಟ್ಟಿದ ಚಿತ್ರ' ಎಂಬ ಬೇರೆ ವಿಭಾಗ ತೆರೆದೆವು. ಹಿಂದಿನ ವಿಜೇತೆ ಅದಕ್ಕೇ ಮೊದಲು ಹೆಸರು ಕೊಟ್ಟರು. ಮೂರು ಸಂಜೆ ಕಾದಿದ್ದವರು 'ಕಾಯುವುದು' ವಿಭಾಗಕ್ಕೆ ಬಂದರು.

ಮೂರನೇ ದಿನ ಒಬ್ಬರ ಪ್ರಶ್ನೆ ಬಂತು. "ನನ್ನ ನಾಯಿ ದಿನಾ ಸಂಜೆ ಬಾಗಿಲ ಹತ್ತಿರ ನನ್ನ ಮಗಳಿಗಾಗಿ ಕಾಯುತ್ತೆ. ಆದರೆ ಆ ಚಾಪೆಯನ್ನು ಅಲ್ಲಿ ಹಾಕಿದ್ದು ನಾನೇ, ಬೆಳಕು ಬೀಳಲಿ ಅಂತ. ಇದು ನಟನೆ ಮಾಡಿಸಿದ ಹಾಗಾ?" ನಮ್ಮ ನಿಯಮದಲ್ಲಿ ಇದಕ್ಕೆ ನೇರ ಉತ್ತರ ಇರಲಿಲ್ಲ. ವಿಷಯದ ಕೆಳಗಿನ ವಾಕ್ಯವನ್ನು ಮತ್ತೆ ಓದಿದೆವು. ನಾಯಿ ನಿಜವಾಗಿ ಕಾಯುತ್ತಿತ್ತು. ಸರಿ, ಕಳಿಸಿ ಅಂತ ಬರೆದೆವು. ಅದೇ ಸಂಜೆ ಆ ಪ್ರಶ್ನೆಯನ್ನೂ ಉತ್ತರವನ್ನೂ, ಕೇಳಿದವರ ಹೆಸರು ತೆಗೆದು, ಎಲ್ಲ ಸ್ಪರ್ಧಿಗಳಿಗೂ ಕಳಿಸಿದೆವು.